ಮಾಳಿಗೆಯ ಮೇಲಿನ ಗಾಂಧಾರ

ಅವರ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಸದಾ ಓಡಾಡುತ್ತಿತ್ತು. ಕಿರುಬೆರಳ ಬುಡದಿಂದ ತುದಿಗೆ, ಅಲ್ಲಿಂದ ಉಂಗುರ ಬೆರಳ ಬುಡಕ್ಕೆ, ಹೀಗೆ ಏರುತ್ತಾ ತೋರುಬೆರಳ ತುದಿ ಮುಟ್ಟಿತೆಂದರೆ ತಾಳದ ಒಂದು ಸುತ್ತು ಮುಗಿಯಿತು. ಬಸ್ಸಿನಲ್ಲಿ ಕೂತಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಯಾರದೋ ಮಣ್ಣಿಗೆ ಹೋಗಿ ನಿಂತಾಗಲೂ ಆ ಹೆಬ್ಬೆರಳಿಗೆ ಬಿಡುವಿಲ್ಲ. ಅದರ ತುದಿಯ ಚರ್ಮ ದಪ್ಪಗಟ್ಟಿ ಹೊಳೆಯುತ್ತಿತ್ತು. ಇಷ್ಟಾಗಿ ಎದುರಿಗಿದ್ದವರ ಮಾತು ಒಂದಕ್ಷರ ತಪ್ಪುತ್ತಿರಲಿಲ್ಲ.

ತಾಳಿಕೋಟೆಯವರು. ಊರೆಲ್ಲ ಉಸ್ತಾದರು ಎನ್ನುತ್ತಿತ್ತು, ನಾನೂ ಹಾಗೇ ಎನ್ನುತ್ತಿದ್ದೆ. ನನ್ನದು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಪ್ರೆಸ್ಸು. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಿಷನ್ನು, ಗೋಡೆಗುಂಟ ಅಚ್ಚಿನ ಮೊಳೆ ತುಂಬಿದ ಕೇಸುಗಳು, ಮೂಲೆಯಲ್ಲಿ ಕಾಗದದ ರಿಮ್ಮು. ನಮ್ಮ ಕಡೆ ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸತು. ಕಚೇರಿಗಳಿಗೆಲ್ಲ ಹೊಸ ಫಾರ್ಮುಗಳು ಬೇಕಾಗಿ ಕೈತುಂಬ ಕೆಲಸ. ನಾನು ಸಿಡುಕಿನ ಮನುಷ್ಯ, ಆಗಂತೂ ಇನ್ನೂ ಸಿಡುಕು. ಸಂಗೀತವೆಂದರೆ ನನಗೆ ನಾಟಕದ ಕಂಪನಿಯವರು ಹ್ಯಾಂಡ್‌ಬಿಲ್ಲಿಗೆ ಬಂದಾಗ ಕೊಡುತ್ತಿದ್ದ ಪುಕ್ಕಟೆ ಪಾಸು, ಅಷ್ಟೇ.

ಒಂದು ಬೇಸಿಗೆಯ ಮಧ್ಯಾಹ್ನ, ನೆಲ ಕಾದು ಹಂಚಾಗಿದ್ದಾಗ, ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡ ಈ ಮನುಷ್ಯ ಒಳಗೆ ಬಂದರು. ಎತ್ತರದ ಆಳು, ಮದರಂಗಿ ಹಚ್ಚಿದ ಗಡ್ಡ, ಬಾಯಲ್ಲಿ ಲವಂಗ. ಈ ಬಿಸಿಲಲ್ಲಿ ಮಫ್ಲರ್ ಸುತ್ತಿದವನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಅಂದುಕೊಂಡೆ.

"ಚೀಜು ಛಾಪಿಸಬೇಕ್ರಿ ಸಾವಕಾರ್ರ, ನಮ್ಮ ಮನಿತನದ ಹಾಡಕಿ," ಎಂದರು.

"ಬರಕೊಂಡು ತರ್ರಿ, ಪದಾ ಛಾಪಿಸಿ ಕೊಡ್ತೇನಿ."

"ಪದಾ ಅಲ್ರಿ, ಸುರಾ. ಹಾಡಿದಂಗ ಛಾಪಿಸಬೇಕು. ನನ್ನ ಮಾರಿ ನೋಡಲಾರದವರು ಆ ಹಾಳಿ ಹಿಡದು ಹಾಡಿದ್ರ, ನಾನ ಹಾಡಿದಂಗ ಇರಬೇಕು."

ನಾನು ನಕ್ಕುಬಿಟ್ಟೆ. "ಅಲ್ರಿ ಉಸ್ತಾದರ, ಇಲ್ಲಿ ಲಗ್ನಪತ್ರಿಕಿ ಆಗ್ತಾವು, ಅಡತಿ ಅಂಗಡಿ ಪಾವತಿ ಆಗ್ತಾವು. ದನಿ ಛಾಪಿಸೋ ಮಿಷನ್ನು ಇನ್ನಾ ನಮ್ಮ ಊರಿಗೆ ಬಂದಿಲ್ರಿ."

ಅವರು ನಗಲಿಲ್ಲ. ಮಫ್ಲರ್ ಸಡಿಲಿಸಿ ಕುತ್ತಿಗೆ ತೋರಿಸಿದರು. ಗಂಟಲ ಮಣಿಯ ಪಕ್ಕದಲ್ಲಿ ಒಂದು ಗಂಟು ಎದ್ದಿತ್ತು.

"ಮಿರಜದಾಗ ಡಾಕ್ಟರು ಕೊಯ್ದು ತಗೀಬೇಕು ಅಂದಾರ. ಜೀವ ಉಳೀತೈತಿ, ದನಿ ಉಳ್ಯಂಗಿಲ್ಲಂತ. ದೀಪಾವಳಿತನಾ ತಡೀರೆಪಾ ಅಂತ ಕೈ ಮುಗದು ಬಂದೇನಿ. ನಮ್ಮ ಅಪ್ಪನ ಗಂಟಲದಿಂದ ನನ್ನ ಗಂಟಲಕ್ಕ ಬಂದದ್ದು ಇದು, ಯಾರೂ ಕಾಗದಕ್ಕ ಹಚ್ಚಿದ್ದಿಲ್ಲ. ಮಕ್ಕಳಿಗೆ ಹತ್ತಲಿಲ್ಲ. ನಾಟಕದ ಮಂದಿ ಬಂದ್ರು, ತಮಗ ಬೇಕಾದಷ್ಟು ಕಲತ್ರು, ಹೋದ್ರು. ಈಗ ನನ್ನ ಗಂಟಲಾ ಹೋತಂದ್ರ ಎಲ್ಲಾ ಹೋತ್ರಿ."

ಆಗೋದಿಲ್ಲ ಎನ್ನಲು ಬಾಯಿ ಬರಲಿಲ್ಲ. ಹೂಂ ಅಂದೆ. ಅಂದ ಮೇಲೆ ಗೊತ್ತಾಯಿತು ಎಂಥಾ ಫಜೀತಿ ಮೈಮೇಲೆ ಎಳೆದುಕೊಂಡೆ ಅಂತ.

ಸ್ವರ ಏಳೇ, ಅಕ್ಷರವೂ ಏಳೇ. ಆದರೆ ಒಂದೇ ಗ ಅನ್ನುವುದು ಎತ್ತರದಲ್ಲಿ ಬಂದರೆ ತಲೆಯ ಮೇಲೆ ಚುಕ್ಕಿ, ತಗ್ಗಿನಲ್ಲಿ ಬಂದರೆ ಕಾಲ ಕೆಳಗೆ ಚುಕ್ಕಿ, ಕೋಮಲವಾದರೆ ಕೆಳಗೊಂದು ಅಡ್ಡಗೆರೆ. ನನಗೆ ಇದು ತಲೆಗೇ ಹತ್ತಲಿಲ್ಲ. ಆಗ ಉಸ್ತಾದರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಎದುರಿನ ಮನೆ ತೋರಿಸಿದರು. ನಮ್ಮ ಕಡೆಯ ಎಲ್ಲ ಮನೆಗಳ ಹಾಗೆ ಮಣ್ಣಿನ ಮಾಳಿಗೆ, ಮುಂದೆ ಅಂಗಳ, ಅಂಗಳದ ನೆಲದೊಳಗೆ ಜೋಳ ತುಂಬುವ ಹಗೇವು.

"ಆ ಮನಿ ಯಜಮಾನ ಅಂಗಳದಾಗ ನಿಂತರೂ ಅವನ, ಮಾಳಗಿ ಹತ್ತಿದರೂ ಅವನ, ಹಗೇದಾಗ ಇಳದರೂ ಅವನ. ಹೌದಿಲ್ರಿ? ಮನಶಾ ಒಬ್ಬನ, ನಿಂತ ಜಾಗಾ ಬ್ಯಾರೆ. ಆ ಜಾಗಾ ತೋರಸಾಕ ಚುಕ್ಕಿ."

ಅಷ್ಟೇ ಸಾಕಾಯಿತು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಂದ್ರ ತಾರ ಎಂಬ ಮಾತೇ ಇಲ್ಲ. ಅವರು "ಮಾಳಗಿ ಸಾ" ಅಂದರೆ ನಾನು ಮೇಲೆ ಚುಕ್ಕಿ ಇಡುತ್ತಿದ್ದೆ, "ಹಗೇವ ನಿ" ಅಂದರೆ ಕೆಳಗೆ.

ಇಡುವುದೇನು ಸುಲಭವೇ! ಕನ್ನಡದ ಕೇಸಿನಲ್ಲಿ ಅಂಥ ಮೊಳೆ ಎಲ್ಲಿಂದ ಬರಬೇಕು? ಇಂಗ್ಲಿಷಿನ ಸಣ್ಣ ಫುಲ್‌ಸ್ಟಾಪುಗಳನ್ನು ತೆಗೆದು, ಸ್ವರದ ಸಾಲಿನ ಮೇಲೆ ಬೇರೊಂದು ಸಾಲು ಮಾಡಿ, ನಡುವೆ ಬರೀ ಸ್ಪೇಸು ತುಂಬಿ, ಒಂದೊಂದು ಚುಕ್ಕಿಯೂ ತನ್ನ ಅಕ್ಷರದ ನೆತ್ತಿಗೇ ಬರುವಂತೆ ಕೂಡಿಸಬೇಕು. ಕೆಳಗಿನ ಚುಕ್ಕಿಗೆ ಅದೇ ಫುಲ್‌ಸ್ಟಾಪನ್ನು ತಲೆಕೆಳಗು ಮಾಡಿ ಇಡುವುದು. ಕೋಮಲದ ಗೆರೆಗೆ ಹಿತ್ತಾಳೆ ಪಟ್ಟಿ ತುಂಡರಿಸಿ ಅರದಿಂದ ಉಜ್ಜುವುದು. ನಮ್ಮ ಅಕ್ಷರಗಳೋ, ಒಂದೊಂದರದು ಒಂದೊಂದು ರಗಳೆ. ನಿ ಅಕ್ಷರದ ತಲೆಯ ಮೇಲೆ ಮೊದಲೇ ಗುಡಿಸು. ಚುಕ್ಕಿ ಹತ್ತಿರವಾದರೆ ಮಸಿ ಕೂಡಿಕೊಂಡು ಒಂದೇ ಮುದ್ದೆ. ಧ ಅಕ್ಷರಕ್ಕೆ ಕೆಳಗೆ ತನ್ನದೇ ಒಂದು ಸೀಳು. ಹಗೇವಿನ ಚುಕ್ಕಿ ಹೋಗಿ ಅದಕ್ಕೇ ಅಂಟುತ್ತಿತ್ತು. ರೇ ಅಕ್ಷರಕ್ಕೆ ಉದ್ದನೆಯ ದೀರ್ಘ ಇರುವುದರಿಂದ ಎರಡರ ನಡುವೆ ಚುಕ್ಕಿ ಇಟ್ಟೆ. ಪ್ರೂಫು ನೋಡಿ ಉಸ್ತಾದರು, "ಚುಕ್ಕಿ ತಲಿ ಮ್ಯಾಲ ಇರಬೇಕ್ರಿ ಸಾವಕಾರ್ರ, ಬಾಲದ ಮ್ಯಾಲಲ್ಲ," ಎಂದರು.

"ಹಂಗಾದ್ರ ನೀವ ಇಡ್ರಿ," ಎಂದು ನಾನು ಚಿಮಟ ಮುಂದೆ ಎಸೆದೆ. ಆ ಪುಣ್ಯಾತ್ಮ ಬೇಜಾರಾಗದೆ ಚಿಮಟ ಎತ್ತಿಕೊಂಡು ಇಟ್ಟೇಬಿಟ್ಟರು. ಸ್ಪೇಸು ಸರಿಸಿ, ನಡುವೆ ರಟ್ಟಿನ ಸಣ್ಣ ಚೂರು ತುರುಕಿ, ಒಂದು ಕಣ್ಣು ಮುಚ್ಚಿ ನೋಡಿ ಕೂಡಿಸಿದರು. ಪ್ರೂಫು ತೆಗೆದರೆ ಚುಕ್ಕಿ ಸರಿಯಾಗಿ ರ ಅಕ್ಷರದ ನೆತ್ತಿಯ ಮೇಲೆ. ಆಮೇಲೆ ಆ ಕೆಲಸಕ್ಕೆ ನಾವಿಬ್ಬರೂ ಕೂಡಿಯೇ ಕೂತೆವು. ಇದ್ದಬದ್ದ ಫುಲ್‌ಸ್ಟಾಪೆಲ್ಲ ಅದಕ್ಕೇ ಹೋಗಿ, ಆ ವರ್ಷ ನನ್ನ ಪ್ರೆಸ್ಸಿನಿಂದ ಹೊರಟ ಲಗ್ನಪತ್ರಿಕೆಗಳಲ್ಲಿ ಒಂದು ವಾಕ್ಯವೂ ನಿಲ್ಲಲಿಲ್ಲ. ಒಬ್ಬ ಬೀಗರೂ ದೂರಲಿಲ್ಲವೆನ್ನಿ.

ಇನ್ನೊಂದು ಸಂಗತಿ ಹೇಳಲೇಬೇಕು. ಕಟ್ಟಿದ ಅಚ್ಚಿನಲ್ಲಿ ಅಕ್ಷರಗಳು ತಿರುಗುಮುರುಗು ಇರುತ್ತವೆ. ನಾವು ಕಂಪೋಜ್ ಮಾಡುವವರು ಅದನ್ನು ತಲೆಕೆಳಗಾಗಿ ಹಿಡಿದು ಎಡದಿಂದ ಬಲಕ್ಕೆ ಓದುತ್ತೇವೆ. ಅದು ಕೈಗೂಡಲು ವರ್ಷಗಳು ಬೇಕು. ಒಂದು ದಿನ ನಾನು ಪ್ರೂಫು ತೆಗೆಯಲು ಮಸಿ ಕಲಸುತ್ತಿದ್ದೆ. ಹಿಂದಿನಿಂದ ಸಣ್ಣಗೆ ಹಾಡು ಕೇಳಿತು. ತಿರುಗಿ ನೋಡಿದರೆ ಉಸ್ತಾದರು ಮೇಜಿನ ಆಚೆ ಬದಿಗೆ ನಿಂತು, ಸೀಸದ ಅಚ್ಚಿನ ಮೇಲೆಯೇ ಕಣ್ಣಿಟ್ಟು, ಬಲದಿಂದ ಎಡಕ್ಕೆ ಓದುತ್ತಾ ಹಾಡುತ್ತಿದ್ದಾರೆ. ಒಂದು ಕಡೆ ನಿಂತು, "ಇಲ್ಲಿ ಒಂದು ಚುಕ್ಕಿ ಬಿದ್ದೈತ್ರಿ," ಅಂದರು. ಬಿದ್ದಿತ್ತು.

"ಎಲಾ ಇವನ! ಇದನ್ನ ಹೆಂಗ ಓದತೀರಿ?" ಎಂದೆ.

"ಸಣ್ಣಾಂವ ಇದ್ದಾಗ ಉರ್ದು ಸಾಲಿಗೆ ಹಾಕಿದ್ರು. ಬಲದಿಂದ ಎಡಕ್ಕ ಹೋಗೂದು ನಮಗೇನ್ ಹೊಸಾದ್ರಿ?"

ನಾನು ಮಸಿ ಕಲಸುವುದು ಬಿಟ್ಟು ನಿಂತೆ. ನನ್ನ ಪ್ರೆಸ್ಸಿನ ಸೀಸಕ್ಕೆ ಬಾಯಿ ಬಂದದ್ದನ್ನು ನಾನು ಕೇಳಿದೆ. ಅವತ್ತಿನಿಂದ ಅವರ ಮುಂದೆ ಸಿಡುಕಲು ನನಗೆ ಧೈರ್ಯವಾಗಲಿಲ್ಲ.

ಮಳೆಗಾಲವೆಲ್ಲ ಹೀಗೆ ನಡೆಯಿತು. ಬೆಳಗಿನ ಬಸ್ಸಿಗೆ ಬರುವರು, ಹಾಡುವರು, ಹಾಡಿದ್ದನ್ನು ಒಂದೊಂದೇ ಸ್ವರವಾಗಿ ಬಿಡಿಸಿ ಹೇಳುವರು, ನಾನು ಕೇಳಿ ಜೋಡಿಸುವೆ. ನನ್ನ ಹೆಂಡತಿ ಬಿಸಿನೀರು ತಂದಿಡುವಳು. ಅವರ ಮನೆತನದಲ್ಲಿ ಒಂದು ನೇಮವಿತ್ತು. ಯಾವ ಸ್ವರವನ್ನೇ ಆಗಲಿ, ಕಲಿಸುವವನು ತಾನು ಆಗಲೇ ಎದುರಿಗೆ ಹಾಡಿಯೇ ಕೊಡಬೇಕು. ಬರೀ ಹೆಸರು ಹೇಳಿ ಕೊಡುವಂತಿಲ್ಲ. "ಹಾಡಲಾರದ ಸುರಾ ಕೊಡೂದು ಅಂದ್ರ ಕಳವಿನ ಮಾಲು ಕೊಟ್ಟಂಗ," ಎಂದು ಅವರ ಅಪ್ಪ ಹೇಳುತ್ತಿದ್ದರಂತೆ. ಹಾಗಾಗಿ ಒಂದೊಂದು ಸಾಲನ್ನೂ ಅವರು ಪೂರಾ ದನಿ ತೆಗೆದು ಹಾಡಿಯೇ ನನಗೆ ಕೊಟ್ಟರು. ದನಿ ವಾರದಿಂದ ವಾರಕ್ಕೆ ಇಳಿಯುತ್ತಿತ್ತು. ನಡುನಡುವೆ ಕೆಮ್ಮು, ಕೆಮ್ಮಿನಲ್ಲಿ ಒಮ್ಮೊಮ್ಮೆ ರಕ್ತ. ಸಾಕು ಬಿಡ್ರಿ ಅಂದರೆ ಕೇಳುವ ಆಸಾಮಿಯಲ್ಲ.

ಕೊನೆಗೆ ಉಳಿದದ್ದು ಭೀಮಪಲಾಸದ ಒಂದು ಚೀಜು. ಮಧ್ಯಾಹ್ನ ಹಾಡುವ ರಾಗವಂತೆ, ಮಧ್ಯಾಹ್ನವೇ ಕೂತೆವು. ಅದರ ಎರಡನೆಯ ಭಾಗದಲ್ಲಿ ಒಂದು ಸಾಲು ಪ ದಿಂದ ನಿ ಗೆ, ಅಲ್ಲಿಂದ ಮಾಳಿಗೆಯ ಸಾ ಗೆ ಏರಿ, ಇನ್ನೂ ಮೇಲೆ ಮಾಳಿಗೆಯ ಗ, ಅಂದರೆ ಗಾಂಧಾರ, ಮುಟ್ಟಿ ಅಲ್ಲೇ ನಿಲ್ಲುತ್ತದೆ. ಅವರ ಅಪ್ಪ ಆ ಗಾಂಧಾರದಲ್ಲಿ ನಿಂತರೆ ಕೇಳುವವರು ಉಸಿರಾಡುವುದು ಮರೆಯುತ್ತಿದ್ದರು ಎಂದು ಮೊದಲೇ ಹೇಳಿದ್ದರು. ಉಸ್ತಾದರು ಏರಿದರು. ಸಾ ಸಿಕ್ಕಿತು. ಮುಂದೆ ಗಾಂಧಾರಕ್ಕೆ ಹೋಗುವಾಗ ದನಿ ಸೀಳಿತು. ಬಿಸಿನೀರು ಕುಡಿದರು. ಮತ್ತೆ ಏರಿದರು, ಮತ್ತೆ ಸೀಳಿತು. ಮರುದಿನ ಬಂದು ಏರಿದರು, ಅದಕ್ಕೂ ಮರುದಿನ ಏರಿದರು. ಅವರ ಕುತ್ತಿಗೆಯ ನರ ಉಬ್ಬುವುದನ್ನು ನೋಡಲಾರದೆ ನನ್ನ ಹೆಂಡತಿ ಒಳಗೆ ಹೋಗಿಬಿಟ್ಟಳು.

ಕೊನೆಗೆ ಸಾ ತನಕ ಏರಿ, ಮಾಳಿಗೆಯ ಗಾಂಧಾರದ ಬದಲು ಕೆಳಗಿಳಿದು ಅಂಗಳದ ಗಾಂಧಾರ ಹಾಡಿದರು. ದನಿ ದೊಪ್ಪೆಂದು ಬಿದ್ದದ್ದು ನನ್ನಂಥ ಕಿವುಡನಿಗೂ ತಿಳಿಯಿತು.

"ಹಿಂಗ ಇರಲಿ," ಎಂದರು.

"ಮಾಳಗಿ ಚುಕ್ಕಿ ಬ್ಯಾಡೇನ್ರಿ? ನೀವ ಹೇಳಿದ್ರೆಲ್ಲ, ಅದು ಮ್ಯಾಲಿಂದು ಅಂತ."

"ಹಾಡಿ ಕೊಡಲಿಲ್ಲಲ್ರಿ ನಾನು. ಹಾಡಲಾರದ್ದು ಹೆಂಗ ಕೊಡ್ಲಿ? ಬ್ಯಾಡ. ಚುಕ್ಕಿ ಬ್ಯಾಡ."

ಚುಕ್ಕಿಯಿಲ್ಲದೆ ಕಟ್ಟಿದೆ. ಅವರು ಎದ್ದು ಹೋಗುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡದೆ ನಿಂತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ದೀಪಾವಳಿ ಮುಗಿಸಿ ಮಿರಜಕ್ಕೆ ಹೋದರು. ನಾನು ಈ ಕಡೆ ಪುಸ್ತಕ ಅಚ್ಚು ಹಾಕಿ, ಹೊಲಿಸಿ, ಕಟ್ಟು ಕಟ್ಟಿಟ್ಟೆ. ಅವರು ಮರಳಿ ಬಂದದ್ದು ತಿಳಿದು ತಾಳಿಕೋಟೆಗೆ ಹೋದೆ. ಕುತ್ತಿಗೆಗೆ ಬಿಳಿ ಮಲಮಲ ಬಟ್ಟೆ. ಆ ಬಟ್ಟೆಯ ಹಿಂದೆ, ಕೊಯ್ದಲ್ಲಿ ಬಿಟ್ಟ ತೂತಿನಿಂದ ಉಸಿರು ಸುಯ್ ಸುಯ್ ಎನ್ನುತ್ತಿತ್ತು. ನನ್ನನ್ನು ನೋಡಿ ಬಾಯಿ ತೆರೆದರು, ಏನೂ ಬರಲಿಲ್ಲ. ನಾನು ಅತ್ತುಬಿಟ್ಟೆ. ಅವರೇ ನನ್ನ ಬೆನ್ನು ತಟ್ಟಿ, ಪುಸ್ತಕ ಎತ್ತಿಕೊಂಡು, ಬೆರಳಿಂದ ಪುಟ ತೋರಿಸಿ, ಹುಬ್ಬು ಏರಿಸಿ ಕೇಳಿದರು. ಇದು ಹಾಡುತ್ತದೆಯೇ ಎಂದು ಕೇಳುತ್ತಿದ್ದರು.

ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಒಬ್ಬರು ಅಕ್ಕೋರು ಇದ್ದರು. ಧಾರವಾಡದಲ್ಲಿ ಇದ್ದು ಸಂಗೀತ ಕಲಿತವರು, ಸ್ವರಲಿಪಿ ನೋಡಿ ಹಾಡಬಲ್ಲವರು. ಶಾಲೆಯ ಕಾರ್ಯಕ್ರಮದ ಕಾಗದ ಅಚ್ಚು ಹಾಕಿಸಲು ಬರುತ್ತಿದ್ದುದರಿಂದ ನನಗೆ ಪರಿಚಯ. ಉಸ್ತಾದರ ಹಾಡಿಕೆಯನ್ನು ಒಮ್ಮೆಯೂ ಕೇಳಿದವರಲ್ಲ. ಅಂಥವರೇ ಬೇಕಿತ್ತು. ನಾನು ಹೋಗಿ ಕೇಳಿಕೊಂಡೆ, ಒಂದು ರಜೆಯ ದಿನ ತಾಳಿಕೋಟೆಗೆ ಕರೆದುಕೊಂಡು ಹೋದೆ.

ಉಸ್ತಾದರ ಮನೆಯ ಪಡಸಾಲೆಯಲ್ಲಿ ಅಕ್ಕೋರು ತಂಬೂರಿ ಹಿಡಿದು ಕೂತರು. ಎದುರಿಗೆ ಉಸ್ತಾದರು, ಬಾಗಿಲ ಹತ್ತಿರ ಅವರ ಹೆಂಡತಿ ಬೂಬಮ್ಮ. ಅಕ್ಕೋರು ಪುಸ್ತಕ ತೆರೆದು ಮೊದಲನೆಯ ಚೀಜು ಎತ್ತಿದರು. ಯಪ್ಪಾ, ಹೇಗೆ ಹೇಳಲಿ! ಹೆಣ್ಣಿನ ದನಿ, ಎಳೆಯ ದನಿ. ಆದರೆ ನಡಿಗೆ ಉಸ್ತಾದರದೇ. ಅವರು ಎಲ್ಲಿ ನಿಂತು ತಿರುಗುತ್ತಿದ್ದರೋ ಅಲ್ಲೇ ನಿಂತು ತಿರುಗಿತು. ಬೂಬಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಾ ಅಲ್ಲಾ, ಇವರ ಹಾಡಿದಂಗ ಐತಲ್ಲೋ," ಎಂದು ನನಗೆ ಹೇಳಿದರು. ನಾನೂ ಉಸ್ತಾದರೂ ತಿಂಗಳುಗಟ್ಟಲೆ ಚಿಮಟದಿಂದ ಎತ್ತಿ ಎತ್ತಿ ಇಟ್ಟ ಚುಕ್ಕಿಗಳು ಅವು. ಕಾಗದದ ಮೇಲೆ ದನಿ ನಿಲ್ಲುತ್ತದೆ ಎಂದು ನಾನು ನಂಬಿದ್ದು ಆ ಗಳಿಗೆಯಲ್ಲಿ.

ಕೊನೆಗೆ ಭೀಮಪಲಾಸ. ಅಕ್ಕೋರು ಎರಡನೆಯ ಭಾಗಕ್ಕೆ ಬಂದರು. ಪ, ನಿ, ಮೇಲಿನ ಸಾ. ಆಮೇಲೆ ಕಾಗದದಲ್ಲಿ ಇದ್ದಂತೆಯೇ ಗಾಂಧಾರವನ್ನು ಕೆಳಗೆ ಹಾಡಿದರು.

ಉಸ್ತಾದರು ಕೈ ಎತ್ತಿದರು. ಅಕ್ಕೋರು ನಿಲ್ಲಿಸಿದರು. "ತಪ್ಪಾತೇನ್ರಿ? ಹಾಳಿಯೊಳಗ ಇದ್ದಂಗ ಹಾಡೇನ್ರಿ," ಎಂದು ನನ್ನ ಕಡೆ ನೋಡಿದರು. ಅವರದೇನೂ ತಪ್ಪಿರಲಿಲ್ಲ. ಸೀಳಿದ ಗಂಟಲಲ್ಲಿ ಅವತ್ತು ಏನು ಬಂದಿತ್ತೋ ಅದನ್ನೇ ಆ ಗಟ್ಟಿ ಎಳೆಯ ಗಂಟಲೂ ಹಾಡಿತ್ತು. ಇನ್ನು ಮುಂದೆ ಈ ಪುಸ್ತಕ ಹಿಡಿದವರೆಲ್ಲ ಹಾಗೇ ಹಾಡುವರು. ಉಸ್ತಾದರಿಗೆ ಅದು ತಿಳಿಯಿತೆಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅಪ್ಪನ ನೇಮ ಉಳಿಸಲು ಹೋಗಿ ಅಪ್ಪನ ಗಾಂಧಾರವನ್ನೇ ಕಳೆದಿದ್ದರು.

ಉಸ್ತಾದರು ಎದ್ದು ಒಳಗೆ ಹೋಗಿ, ಉರ್ದು ಕಾಗದ ಬರೆಯುವ ಬೊರು ಎಂಬ ಜೊಂಡಿನ ಲೆಕ್ಕಣಿಕೆ ಮತ್ತು ಮಸಿ ತಂದರು. ಅಕ್ಕೋರ ಕೈಯಿಂದ ಪುಸ್ತಕ ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಬಟ್ಟೆಯ ಹಿಂದೆ ಉಸಿರು ಜೋರಾಯಿತು. ಹಾಡುವವರ ಹಾಗೆ ಎದೆ ತುಂಬಿಕೊಂಡರು, ತುಟಿ ತೆರೆಯಿತು. ದನಿ ಇಲ್ಲ. ಕಣ್ಣು ಬಿಟ್ಟು ಗ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕಿ ಇಟ್ಟರು. ಪುಸ್ತಕವನ್ನು ಅಕ್ಕೋರ ಕೈಗೆ ಕೊಟ್ಟರು.

ಅಕ್ಕೋರು ಮತ್ತೆ ಪ ದಿಂದ ಏರಿದರು. ಸಾ ದಾಟಿ ಮಾಳಿಗೆಯ ಗಾಂಧಾರಕ್ಕೆ ಹೋಗಿ ನಿಂತರು. ನಿಂತೇ ಇದ್ದರು. ಉಸಿರಾಡುವುದು ಮರೆಯುವುದೆಂದರೆ ಏನೆಂದು ನನಗೆ ತಿಳಿಯಿತು. ಉಸ್ತಾದರ ಕಣ್ಣಿಂದ ಧಾರೆ ಇಳಿದು ಮದರಂಗಿ ಗಡ್ಡದೊಳಗೆ ಹೋಗುತ್ತಿತ್ತು, ಅವರು ಒರೆಸಿಕೊಳ್ಳಲಿಲ್ಲ.

ನಾನು ಹೇಳಿದೆ: "ಅಚ್ಚು ಇನ್ನಾ ಬಿಚ್ಚಿಲ್ರಿ ಉಸ್ತಾದರ. ಒಂದು ಚುಕ್ಕಿ ಸೇರಿಸಿ ಆ ಒಂದು ಹಾಳಿ ಮತ್ತ ಹೊಡದು ಕೊಡ್ತೇನಿ. ಗಳಿಗಿ ಕೆಲಸ." ಅವರು ತಲೆ ಅಲ್ಲಾಡಿಸಿದರು. ಹಳೆಯ ಪ್ರೂಫಿನ ಹಿಂಬದಿಗೆ ಕನ್ನಡದಲ್ಲಿ ಬರೆದು ತೋರಿಸಿದರು: "ಗಂಟಲಾ ಹೋತು. ಕೈ ಐತಲ್ಲ. ನಾನ ಕೊಡ್ತೇನಿ."

ಪುಸ್ತಕದ ಕಟ್ಟುಗಳನ್ನೆಲ್ಲ ಅವರ ಮನೆಗೇ ಸಾಗಿಸಿದೆ. ದಿನಾ ಮಧ್ಯಾಹ್ನ ಕೂತು, ಒಂದೊಂದು ಪುಸ್ತಕ ಎತ್ತಿಕೊಂಡು, ಪ್ರತಿಯೊಂದಕ್ಕೂ ಹಾಗೇ ಎದೆ ತುಂಬಿಕೊಂಡು, ಮನಸ್ಸಿನಲ್ಲೇ ಆ ಸಾಲು ಏರಿ, ಚುಕ್ಕಿ ಇಡುತ್ತಿದ್ದರಂತೆ. ಒಮ್ಮೆ ನಾನು ಎರಡು ಪುಸ್ತಕದ ಆ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಚುಕ್ಕಿ ಸೇರಿ ಒಂದೇ ಕಂಡಿತು. ಸೀಸದಿಂದ ನಾನು ಇಟ್ಟಿದ್ದರೂ ಅಷ್ಟು ಕರಾರುವಾಕ್ಕಾಗಿ ಕೂರುತ್ತಿರಲಿಲ್ಲ. ನಲವತ್ತು ವರ್ಷ ಅಕ್ಷರ ಜೋಡಿಸಿದವನು ನಾನು. ಆ ಕೈಗೆ ಈಗಲೂ ಮನಸ್ಸಿನಲ್ಲೇ ನಮಸ್ಕಾರ ಮಾಡುತ್ತೇನೆ.

ಎಲ್ಲ ಮುಗಿಸಲು ಅವರಿಗೆ ದಿನ ಸಾಲಲಿಲ್ಲ. ಬೇಸಿಗೆ ಬರುವಷ್ಟರಲ್ಲಿ ಗಂಟು ಮತ್ತೆ ಬೇರೆ ಕಡೆ ಎದ್ದಿತು. ಒಂದು ಶುಕ್ರವಾರ ಬೆಳಿಗ್ಗೆ ಬಸ್ಸಿನ ಡ್ರೈವರ್ ಬಂದು ಸುದ್ದಿ ಹೇಳಿದ. ಪ್ರೆಸ್ಸು ಮುಚ್ಚಿ ಹೋದೆ, ಮಣ್ಣು ಕೊಟ್ಟೆ.

ಕೆಲವು ದಿನಗಳ ಮೇಲೆ ಬೂಬಮ್ಮ ಕರೆಸಿ, "ಇವು ಚುಕ್ಕಿ ಇಟ್ಟಾವು, ಇವು ಇಡಲಾರದಾವು," ಎಂದು ಎರಡು ಕಟ್ಟು ತೋರಿಸಿದರು. ಎರಡನ್ನೂ ಪ್ರೆಸ್ಸಿಗೆ ತಂದೆ. ಚುಕ್ಕಿಯಿಲ್ಲದವನ್ನು ಏನು ಮಾಡಲಿ? ಹಾಗೇ ಹಂಚಿದರೆ ಗಾಂಧಾರ ಮತ್ತೆ ಬೀಳುತ್ತದೆ. ನಾನು ಇಡೋಣವೆಂದು ಲೆಕ್ಕಣಿಕೆ ಹಿಡಿದೆ, ಕೈ ಏಳಲಿಲ್ಲ. ಹಾಡಲಾರದವನು ನಾನು ಯಾರು ಕೊಡಲಿಕ್ಕೆ?

ಉಳಿದ ಪುಸ್ತಕಗಳ ಸಂಗತಿ, ಉಸ್ತಾದರ ಮನೆತನದ ನೇಮ ಎರಡನ್ನೂ ಬಾಗೇವಾಡಿಯ ಅಕ್ಕೋರಿಗೆ ಹೇಳಿ ಕಳಿಸಿದೆ. ಅವರು ಭಾನುವಾರ ಬಂದರು. ನಾನು ಏನೂ ಹೇಳುವ ಮೊದಲೇ ಕಟ್ಟು ಬಿಚ್ಚಿ, ಚಾಪೆಯ ಮೇಲೆ ಕೂತರು. "ಮಿಷನ್ ಒಂಚೂರು ನಿಲ್ಲಸ್ರಿ ಅಣ್ಣಾರ," ಎಂದರು. ನಿಲ್ಲಿಸಿದೆ.

ಮೊದಲನೆಯ ಪುಸ್ತಕ ತೆಗೆದು ಪ ದಿಂದ ಏರಿ, ಪೂರಾ ದನಿ ತೆಗೆದು ಮಾಳಿಗೆಯ ಗಾಂಧಾರ ಹಾಡಿ, ಆಮೇಲೆ ಚುಕ್ಕಿ ಇಟ್ಟರು. ಎರಡನೆಯದನ್ನು ತೆಗೆದು ಮತ್ತೆ ಹಾಡಿದರು, ಮತ್ತೆ ಇಟ್ಟರು. ಒಮ್ಮೆ ಹಾಡಿ ಎಲ್ಲಕ್ಕೂ ಇಟ್ಟುಬಿಡಬಹುದಿತ್ತು, ಯಾರು ಕೇಳುತ್ತಿದ್ದರು? ಒಂದನ್ನೂ ಹಾಡದೆ ಇಡಲಿಲ್ಲ. ಸಂಜೆಯ ಹೊತ್ತಿಗೆ ಅವರ ದನಿ ಒಡೆಯುವಂತಾಯಿತು. ನನ್ನ ಹೆಂಡತಿ ಬಿಸಿನೀರು ತಂದು ಕುಡಿಸಿದಳು. ಕುಡಿದು, ಗಂಟಲು ಸರಿ ಮಾಡಿಕೊಂಡು, ಮುಂದಿನ ಪುಸ್ತಕ ಎತ್ತಿಕೊಂಡರು.

ಪ್ರೆಸ್ಸು ಈಗಿಲ್ಲ, ನನ್ನ ಕಣ್ಣೂ ಮಂದವಾಗಿದೆ. ಸಂಗೀತ ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ಎಲ್ಲಿಯಾದರೂ ಯಾರಾದರೂ ಭೀಮಪಲಾಸ ಹಾಡುತ್ತಿದ್ದರೆ, ಅವರು ಮೇಲಿನ ಗಾಂಧಾರಕ್ಕೆ ಹೋಗಿ ನಿಂತದ್ದು ನನಗೆ ತಕ್ಷಣ ಗೊತ್ತಾಗುತ್ತದೆ. ನನಗೆ ಗುರುತಿರುವ ಸ್ವರ ಅದೊಂದೇ. ಅದನ್ನು ಉಸ್ತಾದರು ನನಗೆ ಹಾಡಿ ಕೊಟ್ಟದ್ದಲ್ಲ.